ಮುಂದಿನ ಪಾಳಿಗೆ ಬರೆದದ್ದು

ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ ಗದಗಿನ ಹಳಬರ ಬಾಯಲ್ಲಿ ಇಂದಿಗೂ ‘ಜರ್ಮನ್ ದವಾಖಾನಿ’. ಅದರ ಚರಿತ್ರೆ ಬರೆಯಹೊರಟವರು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ದಾಖಲಾಲಯದ ಕದ ತಟ್ಟಲೇಬೇಕು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟಂದಿನಿಂದ ಮಿಶನರಿಗಳು ಕಳಿಸಿದ ಪತ್ರ, ವರದಿ, ಫೋಟೊಗಳನ್ನು ಅದು ಜೋಪಾನ ಮಾಡಿದೆ. ಸಾವಿರಾರು ಫೋಟೊಗಳು ಅಂತರ್ಜಾಲದಲ್ಲಿಯೇ ನೋಡಸಿಗುತ್ತವೆ. ಈ ಶಿಸ್ತನ್ನು ಮೆಚ್ಚಬೇಕು.

ಆದರೆ ಶುಶ್ರೂಷೆಯ ಚರಿತ್ರೆಗೆ ಇಷ್ಟು ಸಾಲದು. ಇವು ಕೇಂದ್ರ ಕಚೇರಿ ಓದಲೆಂದು ಬರೆದ ಕಾಗದಗಳು. ಬರೆದವರು ಹೆಚ್ಚಾಗಿ ಯುರೋಪಿನವರು. ರಾತ್ರಿಯಿಡೀ ಹಣೆಯ ಮೇಲೆ ತಣ್ಣೀರು ಪಟ್ಟಿ ಬದಲಿಸಿದ ಈ ಸೀಮೆಯ ಹೆಣ್ಣುಮಗಳ ಕೈಬರಹ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ.

ನರ್ಸ್ ಬರೆಯುವುದು ಮುಂದಿನ ಪಾಳಿಯವಳಿಗೆ. ವಾರ್ಡಿನ ರಿಪೋರ್ಟ್ ಬುಕ್ ತೆರೆದರೆ ಯಾರಿಗೆ ಮೂತ್ರ ಎಷ್ಟು ಹೋಯಿತು, ಯಾರು ಊಟ ಬಿಟ್ಟರು, ಯಾರಿಗೆ ನಿದ್ದೆ ಬರಲಿಲ್ಲ, ಯಾರನ್ನು ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಬೇಕು ಎಂಬ ಸಾಲುಗಳು. ನರ್ಸಿಂಗ್ ಚಿಂತಕಿ ವರ್ಜೀನಿಯಾ ಹೆಂಡರ್ಸನ್ ಪಟ್ಟಿ ಮಾಡಿದ 14 ಮೂಲಭೂತ ಅಗತ್ಯಗಳನ್ನು ವಿದ್ಯಾರ್ಥಿನಿಯರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಊಟ, ವಿಸರ್ಜನೆ, ನಿದ್ದೆ, ಮಗ್ಗುಲು: ಅವೇ ಈ ಬುಕ್ಕಿನಲ್ಲಿ ಬೆವರಿನ ಕಲೆಯೊಂದಿಗೆ ಇರುತ್ತವೆ. ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಇಡಬೇಕೆನ್ನುತ್ತದೆ ವೈದ್ಯರ ವೃತ್ತಿನಡತೆಯ 2002ರ ನಿಯಮ. ಆಮೇಲೆ ಆ ದಾಖಲೆ ರದ್ದಿಯಾದರೆ ಕೇಳುವವರಿಲ್ಲ.

ಈ ಸೀಮೆಗೆ ಇನ್ನೊಂದು ತೊಡಕೂ ಇದೆ. ಗದಗ ಜಿಲ್ಲೆಯಾದದ್ದೇ 1997ರಲ್ಲಿ. ಬ್ರಿಟಿಷರ ಕಾಲಕ್ಕೆ ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಸುತ್ತಿ ಬರಬಹುದಾದ ನಾಲ್ಕು ಊರುಗಳ ದವಾಖಾನೆ ಕಾಗದಗಳನ್ನು ಮೂರು ಸರ್ಕಾರಗಳ ಕಡತಗಳಲ್ಲಿ ಅರಸಬೇಕು. ಲಕ್ಷ್ಮೇಶ್ವರದ ಕಲ್ಲಿನ ಶಾಸನಗಳು ಮಾತ್ರ ಇದ್ದಲ್ಲೇ ಉಳಿದಿವೆ; ಅವುಗಳಲ್ಲಿರುವುದೂ ದತ್ತಿ ಕೊಟ್ಟವರ ಹೆಸರೇ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ನರ್ಸಿಂಗ್ ಚರಿತ್ರೆಗೆಂದೇ 1985ರಲ್ಲಿ ಕೇಂದ್ರ ತೆರೆಯಿತು. ಅಂಥ ಕಟ್ಟಡ ನಮಗೆ ಇಂದೇ ಬೇಕಿಲ್ಲ. 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಗದಗಿನಲ್ಲಿ ಒಂದು ಬೀರು, ಒಬ್ಬ ಗ್ರಂಥಪಾಲಕರು, ರೋಗಿಯ ಹೆಸರು ಮರೆಮಾಡುವ ಕಟ್ಟುನಿಟ್ಟಿನ ನಿಯಮ ಇದ್ದರೆ ಕೆಲಸ ಶುರುವಾಗುತ್ತದೆ. ನಿವೃತ್ತ ಸಿಸ್ಟರುಗಳ ಮನೆಗೆ ಹೋಗಿ ಅವರ ಟ್ರಂಕಿನ ತಳದಲ್ಲಿರುವ ಪ್ರೊಸೀಜರ್ ನೋಟ್‌ಬುಕ್ ಕೇಳಿ ತರಬೇಕು. ಬಾಸೆಲ್‌ಗೆ ತಲುಪದೇ ಹೋದದ್ದು ಇನ್ನೂ ಅಲ್ಲೇ ಇದ್ದೀತು.