ಮೂವತ್ತೈದು ಸೆಕೆಂಡುಗಳ ಬೆಲೆ

2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಿಂದ ಮೇಲೆದ್ದ ಏರ್‌ಬಸ್ ವಿಮಾನವೊಂದು ಹೆಬ್ಬಾತುಗಳ ಹಿಂಡಿಗೆ ಸಿಕ್ಕಿತು. ಎರಡು ಎಂಜಿನ್‌ಗಳೂ ಸೋತವು. ಇದ್ದ ಎತ್ತರ ಮೂರು ಸಾವಿರ ಅಡಿಗೂ ಕಡಮೆ. ಸುಮಾರು ಮೂರೂವರೆ ನಿಮಿಷದಲ್ಲಿ ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲಿಳಿಸಿದರು; 155 ಜನರೂ ಉಳಿದರು. ಈ ಪ್ರಸಂಗವನ್ನೇ ಕ್ಲಿಂಟ್ ಈಸ್ಟ್‌ವುಡ್ಡರು 2016ರಲ್ಲಿ ‘ಸಲ್ಲಿ’ ಎಂಬ ಚಿತ್ರವಾಗಿಸಿದರು.

ಟಾಮ್ ಹ್ಯಾಂಕ್ಸರ ಅಭಿನಯ ಸಂಯಮದ್ದು. ನೀರಿಗಿಳಿಯುವ ದೃಶ್ಯವಂತೂ ಉಸಿರು ಬಿಗಿಹಿಡಿಸುತ್ತದೆ. ಆದರೆ ನಾಯಕನಿದ್ದ ಮೇಲೆ ಖಳನೂ ಬೇಕೆಂಬ ಹಳೆಯ ಚಾಳಿಗೆ ನಿರ್ದೇಶಕರು ಶರಣಾಗಿದ್ದಾರೆ. ತನಿಖೆಯ ಅಧಿಕಾರಿಗಳು ಇಲ್ಲಿ ಚಾಲಕನನ್ನು ಕಟಕಟೆಗೆ ಎಳೆಯುವ ನಿರ್ದಯಿಗಳು. ತಕ್ಷಣ ತಿರುಗಿದ್ದರೆ ನಿಲ್ದಾಣ ಸೇರಬಹುದಿತ್ತೆಂದು ಅವರು ವಾದಿಸುತ್ತಾರೆ. ಮನುಷ್ಯನಿಗೆ ಯೋಚಿಸಲು ಸಮಯ ಬೇಡವೇ ಎಂದು ನಾಯಕ ಕೇಳುತ್ತಾನೆ. ಆಗ ಮೂವತ್ತೈದು ಸೆಕೆಂಡುಗಳನ್ನು ಸೇರಿಸಿ ಮತ್ತೆ ಪರೀಕ್ಷಿಸುತ್ತಾರೆ. ವಿಮಾನ ನಿಲ್ದಾಣ ಮುಟ್ಟುವುದಿಲ್ಲ.

ವಾಸ್ತವದಲ್ಲಿ ಆ ಸೆಕೆಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಂಡವರು ತನಿಖೆಯವರೇ. ಏನಾಯಿತೆಂದು ಅರಿಯಲು, ದಾರಿಗಳನ್ನು ತೂಗಲು ಮನಸ್ಸಿಗೆ ಹಿಡಿಯುವ ಹೊತ್ತನ್ನು ಬಿಟ್ಟು ತೀರ್ಪು ಕೊಡಲಾಗದೆಂದು ಅವರು ಒಪ್ಪಿದರು. ನದಿಯ ಆಯ್ಕೆಯನ್ನು ಎತ್ತಿಹಿಡಿದರು. ಅವರ ನ್ಯಾಯಬುದ್ಧಿಯನ್ನು ಕಿತ್ತು ನಾಯಕನಿಗೆ ತೊಡಿಸಿದ್ದು ಸರಿಯಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆಯದು. ನಿಜವಾದ ನಾಟಕ ವಿಚಾರಣೆಯ ಕೋಣೆಯಲ್ಲಿರಲಿಲ್ಲ, ಚಾಲಕರ ಕೋಣೆಯಲ್ಲಿತ್ತು. ಹಕ್ಕಿ ಬಡಿದಾಗ ವಿಮಾನ ನಡೆಸುತ್ತಿದ್ದವರು ಸಹಚಾಲಕ ಸ್ಕೈಲ್ಸ್. ಕ್ಯಾಪ್ಟನ್ನರು ತಾವು ಹಿಡಿತ ವಹಿಸಿಕೊಂಡರು. ಸ್ಕೈಲ್ಸ್ ಎಂಜಿನ್ ಕೆಟ್ಟಾಗ ಪಾಲಿಸಬೇಕಾದ ಕ್ರಮಗಳ ಪಟ್ಟಿ ತೆರೆದರು. ಆ ಪಟ್ಟಿಯಾದರೋ ಇಪ್ಪತ್ತು ಸಾವಿರ ಅಡಿಗೂ ಮೇಲೆ ಬರುವ ಆಪತ್ತಿಗೆಂದು ಬರೆದದ್ದು. ಮುಗಿಸಲು ವೇಳೆಯೇ ಇರಲಿಲ್ಲ. ಪಟ್ಟಿಯ ಸರದಿಗೆ ಕಾಯದೆ ಕ್ಯಾಪ್ಟನ್ನರು ಬಾಲದಲ್ಲಿರುವ ಸಹಾಯಕ ಎಂಜಿನ್ನನ್ನು ಚಾಲೂ ಮಾಡಿದರು. ವಿದ್ಯುತ್ತು ಉಳಿಯಿತು, ವಿಮಾನ ಹತೋಟಿಯಲ್ಲಿ ನಿಂತಿತು. ಇದು ಮಿಂಚಿನಂತೆ ಹೊಳೆದ ಪ್ರತಿಭೆಯಲ್ಲ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ವರ್ಷಗಳ ಸಾಧನೆಯಿಂದ ಕೈಗೆ ಇಳಿದಿತ್ತು.

ಯುದ್ಧಕಾಲೇ ಶಸ್ತ್ರಾಭ್ಯಾಸ ಸಲ್ಲದೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ತನಿಖೆಯವರೂ ಕೊನೆಗೆ, ಕಡಮೆ ಎತ್ತರದ ಆಪತ್ತಿಗೆ ಬೇರೆ ಪಟ್ಟಿ ಬೇಕೆಂದು ಸಲಹೆಯಿತ್ತರು. ವೀರನಿಗೆ ಚಪ್ಪಾಳೆ ತಟ್ಟಿ ನಾವು ಮನೆಗೆ ಬರುತ್ತೇವೆ; ಆದರೆ ನಾಳೆಯ ಪ್ರಯಾಣಿಕನನ್ನು ಕಾಯುವುದು ಚಪ್ಪಾಳೆಯಲ್ಲ, ಆ ತಿದ್ದುಪಡಿ. ಅದನ್ನು ತೋರಿಸಿದ್ದರೆ ಚಿತ್ರ ಇನ್ನೂ ದೊಡ್ಡದಾಗುತ್ತಿತ್ತು.