ಪ್ರಾಸ, ಡೈನೋಸಾರ್ ಮತ್ತು ಎಲ್ಲರಂತಿಲ್ಲದ ಮಗು

ಮಕ್ಕಳ ಪದ್ಯಪುಸ್ತಕವು ವಿಮರ್ಶೆಗೆ ತಕ್ಕ ವಸ್ತುವಲ್ಲವೆಂದು ನಮ್ಮಲ್ಲಿ ಹಲವರು ಭಾವಿಸಿರುವರು. ಆದರೆ ಪಂಪ-ರನ್ನರಿಗಿಂತ ಮೊದಲು ಮಗುವಿನ ಕಿವಿಗೆ ಬೀಳುವ ಸಾಹಿತ್ಯವಿದೇ. ಈಚಿನ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಡೈನೋಸಾರ್‌ಗಳನ್ನು ಕುರಿತ ಪ್ರಾಸಬದ್ಧ ಚಿತ್ರಪುಸ್ತಕಗಳು ಹೇರಳವಾಗಿ ಬಂದಿವೆ. ಎಲ್ಲರಂತಿಲ್ಲದವನನ್ನೂ ನಮ್ಮವನೆಂದು ಕಾಣಬೇಕೆಂಬುದು ಅವುಗಳಲ್ಲಿ ಕೆಲವುಗಳ ನೀತಿ. ಈ ನೀತಿಯನ್ನು ಕಥೆಯು ಯಾವ ಬಗೆಯಿಂದ ಹೇಳಿದರೆ ಮಗುವಿಗೆ ಹಿತವಾದೀತೆಂಬುದೇ ಇಲ್ಲಿಯ ವಿಚಾರ.

ಒಂದು ಬಗೆಯೆಂದರೆ ಭಿನ್ನತೆಯನ್ನು ಕೊನೆಗೆ ಅಳಿಸಿಬಿಡುವದು. ವನಪರ್ವದ ಅಷ್ಟಾವಕ್ರನು ಡೊಂಕು ಮೈಯಿಂದಲೇ ಜನಕನ ಆಸ್ಥಾನಕ್ಕೆ ಹೋಗಿ, ಬಂದಿಯನ್ನು ವಾದದಲ್ಲಿ ಸೋಲಿಸಿದನು. ಆಮೇಲೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ನೆಟ್ಟಗಾದನು. ತಂದೆಯ ಶಾಪ ತಂದೆಯಿಂದಲೇ ತೀರಿತೆಂಬ ದೃಷ್ಟಿಯಿಂದ ಪುರಾಣಕ್ಕೆ ಇದು ಸರಿಯಾದ ಮುಕ್ತಾಯ. ಆದರೆ ನಮ್ಮ ವರ್ಗದಲ್ಲಿ ಕುಂಟುತ್ತ ಬರುವ ಮಗುವಿಗೆ ನಾವು ಯಾವ ಸಮಂಗೆಯನ್ನು ತೋರಿಸೋಣ?

ಎರಡನೆಯ ಬಗೆಯಲ್ಲಿ ಭಿನ್ನನಾದವನು ಉಪಯೋಗಕ್ಕೆ ಬಂದಮೇಲೆ ಅವನಿಗೆ ಮನ್ನಣೆ. 1939ರಲ್ಲಿ ಅಮೆರಿಕೆಯ ರಾಬರ್ಟ್ ಮೇ ಎಂಬವರು ಒಂದು ಅಂಗಡಿ ಸಂಸ್ಥೆಗಾಗಿ ಬರೆದ ‘ರುಡಾಲ್ಫ್’ ಎಂಬ ಪ್ರಾಸಕಥೆಯಲ್ಲಿ ಕೆಂಪು ಮೂಗಿನ ಹಿಮಸಾರಂಗವನ್ನು ಜೊತೆಯವು ನಗಾಡುತ್ತವೆ. ಮಂಜು ಕವಿದ ರಾತ್ರಿ ಅದರ ಮೂಗಿನ ಬೆಳಕೇ ದಾರಿ ತೋರಿಸಿದಾಗ ಅವೇ ಹೊಗಳುತ್ತವೆ. ಕಥೆ ಸೊಗಸಾಗಿದೆ. ಆದರೆ ಮಂಜು ಬೀಳದೇ ಇದ್ದಿದ್ದರೆ? ಯೋಗ್ಯತೆ ತೋರಿಸಿದವನಿಗೆ ಮಾತ್ರ ಸಿಕ್ಕುವ ಆದರವು ಕೂಲಿಯಾದೀತು, ಪ್ರೀತಿಯಾಗದು.

ಮೂರನೆಯದು ನನಗೆ ಹೆಚ್ಚು ಹಿಡಿಸಿದ ಬಗೆ. 2000ದಲ್ಲಿ ಪ್ರಕಟವಾದ, ಮಲಗುವ ಹೊತ್ತಿನ ಡೈನೋಸಾರ್‌ಗಳನ್ನು ಕುರಿತ ಜೇನ್ ಯೋಲನ್ ಅವರ ಪದ್ಯಪುಸ್ತಕಕ್ಕೆ ಮಾರ್ಕ್ ಟೀಗ್ ಚಿತ್ರ ಬರೆದಿರುವರು. ಅಲ್ಲಿಯ ತಾಯಿತಂದೆಗಳು ಮನುಷ್ಯರು. ಕೂಸು ಮಾತ್ರ ಕೋಣೆ ತುಂಬುವ ಡೈನೋಸಾರ್! ‘ಇದು ನಮ್ಮಂತಿಲ್ಲವಲ್ಲ’ ಎಂದು ಯಾರೂ ಅನ್ನುವದಿಲ್ಲ. ಭಿನ್ನತೆಯ ಉಪದೇಶಕ್ಕೆಂದು ಬರೆದ ಪುಸ್ತಕವಲ್ಲವದು. ಆದರೂ ಉಪದೇಶದ ಪುಸ್ತಕಗಳಿಗಿಂತ ಅದೇ ಚೆನ್ನಾಗಿ ಕಲಿಸುವದು. ನಮ್ಮ ಪಂಜೆ ಮಂಗೇಶರಾಯರು (1874–1937) ಹಾವಿನ ಹಾಡಿನಲ್ಲಿ ಇಂಥದೇ ಹಾದಿಯನ್ನು ಹಿಂದೆಯೇ ತುಳಿದಿದ್ದರು. ಊರೆಲ್ಲ ಅಂಜುವ ಪ್ರಾಣಿಗೆ ಅಲ್ಲಿ ಕೈಮುಗಿದು ಹಾಲು ಕೊಡುವ ಮಾತಿದೆ. ಕವಿಯು ನೀತಿ ಹೇಳಹೋಗದೆ ಹಾವಿನೊಡನೆ ಮಾತಿಗೇ ತೊಡಗಿದ್ದಾರೆ.

ಇನ್ನು ಪ್ರಾಸದ ಮಾತು. ನಮ್ಮ ಹಳೆಯ ಆದಿಪ್ರಾಸದಲ್ಲಿ ಪಾದಪಾದಕ್ಕೆ ಮೊದಲಕ್ಷರ ಬೇರೆಯಾಗಬಹುದು; ಎರಡನೆಯ ಅಕ್ಷರದ ವ್ಯಂಜನ ಮಾತ್ರ ಒಂದೇ ಇರಬೇಕು. ಎಲ್ಲ ಅಕ್ಷರಗಳೂ ಒಂದೇ ಆದರೆ ಅದು ಪ್ರಾಸವಲ್ಲ, ಬರಿಯ ಪುನರುಕ್ತಿ. ಬೇರೆಯಾಗಿದ್ದೂ ಕೂಡಿಕೊಳ್ಳುವದೇ ಪ್ರಾಸದ ಧರ್ಮ. ಆದುದರಿಂದ ಈ ವಸ್ತುವಿಗೆ ಪ್ರಾಸವು ಸಹಜವಾದ ಉಡುಪು.

ಇದರ ಸತ್ಯವನ್ನು ನನಗೆ ಮನಗಾಣಿಸಿದವನು ಐದನೆಯ ಇಯತ್ತೆಯ ಒಬ್ಬ ಹುಡುಗ. ಅವನಿಗೆ ಮಾತು ತೊದಲುವದು. ಓದಲು ಎದ್ದರೆ ವರ್ಗವೆಲ್ಲ ನಗುವದು. ಆದರೆ ಎಲ್ಲರೂ ಕೂಡಿ ಪದ್ಯ ಹೇಳುವಾಗ ಅವನ ನಾಲಗೆ ಒಮ್ಮೆಯೂ ತಡವರಿಸದು. ಒಂದು ದಿನ ಬಾರಾಪಾಸಾರಸ್‌ನ ಸಂಗತಿ ಹೇಳಿದೆ. ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಅದರ ಎಲುಬುಗಳು ಸಿಕ್ಕವು. ತೊಡೆಯೆಲುಬೊಂದೇ ಒಂದೂವರೆ ಮೀಟರಿಗೂ ಮಿಕ್ಕಿತ್ತು. ಬಂಗಾಲಿಯಲ್ಲಿ ‘ಬಾರಾ ಪಾ’ ಎಂದರೆ ದೊಡ್ಡ ಕಾಲು. 1975ರಲ್ಲಿ ವಿಜ್ಞಾನಿಗಳು ಅದಕ್ಕೆ ಆ ಹೆಸರನ್ನೂ ಜೊತೆಗೆ ರವೀಂದ್ರನಾಥ ಠಾಕೂರರ ಹೆಸರನ್ನೂ ಇಟ್ಟರು. ಎಲುಬಿನ ಗೂಡು ಈಗ ಕೋಲಕಾತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಎಲ್ಲ ಕೇಳಿಸಿಕೊಂಡು ಆ ಹುಡುಗ ಮೆಲ್ಲಗೆ ಎದ್ದು ತಡೆತಡೆದು ಕೇಳಿದ: “ಸರ್ರೀ, ಕಡೀಕ ಅದರ ಕಾಲು ಸಣ್ಣ ಆತೇನ್ರಿ?” “ಇಲ್ಲಪಾ, ಹಂಗ ಉಳೀತು” ಎಂದೆ. ಅವನು ನಕ್ಕು ಕುಳಿತ. ಅಂದು ಉಳಿದವರು ನಗಲಿಲ್ಲ.

ಈ ಪ್ರಶ್ನೆಯೇ ಇಂಥ ಪುಸ್ತಕಗಳಿಗೆಲ್ಲ ಒರೆಗಲ್ಲೆಂದು ನನ್ನ ನಂಬಿಕೆ. ಕೊನೆಯ ಪುಟದಲ್ಲಿ ದೊಡ್ಡ ಕಾಲು ದೊಡ್ಡದಾಗಿಯೇ ಉಳಿದು, ಆ ಪ್ರಾಣಿಗೆ ಮನೆಯಲ್ಲಿ ಜಾಗ ಸಿಕ್ಕಿದೆಯೇ? ಸಿಕ್ಕಿದ್ದರೆ ಪುಸ್ತಕ ಒಳ್ಳೆಯದು.

ಗಡಿಭಾಗದ ನಮಗೆ ಈ ವಿಚಾರ ದೂರದ್ದಲ್ಲ. ನಮ್ಮ ಮಗು ಸಾಂಗಲಿಗೆ ಹೋದರೆ ಅದರ ಮರಾಠಿಗೆ ನಗುವರು. ವಿಜಯಪುರಕ್ಕೆ ಹೋದರೆ ಅದರ ಕನ್ನಡಕ್ಕೆ ನಗುವರು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ನಮ್ಮ ಕೈಯಲ್ಲಿವೆ. ಅವುಗಳ ಜೊತೆಗೆ ಈ ಮಗುವಿನ ನುಡಿಯಲ್ಲಿಯೇ ಬರೆದ ಪ್ರಾಸದ ಚಿತ್ರಪುಸ್ತಕಗಳೂ ಬೇಕು. ಡೈನೋಸಾರ್ ಪರಕೀಯವೆನ್ನಬೇಡಿರಿ. ವಳಸಂಗದ ಹೊಲಗಳ ಕೆಳಗಿನ ಕರಿಗಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಪ್ರಾಣಿಗಳ ಕಡೆಗಾಲದಲ್ಲಿ ಹರಿದು ಆರಿದ ಲಾವಾರಸವೇ. ಅವುಗಳಿಗೆ ಜಾತಿಯಿಲ್ಲ, ಗಡಿಯಿಲ್ಲ; ಅವುಗಳನ್ನು ಹಾಡುವಾಗ ವರ್ಗದ ಯಾವ ಮಗುವೂ ತಲೆತಗ್ಗಿಸಬೇಕಾಗಿಲ್ಲ. ಬರೆಯಬಲ್ಲ ಶಿಕ್ಷಕ ಬಂಧುಗಳು ಈ ಕೆಲಸಕ್ಕೆ ಕೈಹಾಕಬೇಕೆಂದು ನನ್ನ ಅರಿಕೆ.