ಕಿಳ್ಳೇಕ್ಯಾತನ ನಗು ದೊಡ್ಡವರ ನಗು

ಚನ್ನಪಟ್ಟಣದ ಅರಗಿನ ಗೊಂಬೆಗಳು ಮಕ್ಕಳ ಕೈಗೆಂದೇ ಹುಟ್ಟಿದವು. ಪಕ್ಕದ ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿರುವ ತೊಗಲುಗೊಂಬೆಗಳನ್ನೂ ನಾವು ಅದೇ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಇದರಿಂದ ಹೆಚ್ಚು ನಷ್ಟವಾಗಿರುವುದು ತೊಗಲುಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನಿಗೆ.

ಹದಮಾಡಿದ ಆಡಿನ ತೊಗಲು, ಬಣ್ಣ, ಹಿಂದೊಂದು ದೀಪ, ಮುಂದೊಂದು ಬಿಳಿ ಪರದೆ. ಇಷ್ಟರಲ್ಲೇ ರಾಮಾಯಣ, ಮಹಾಭಾರತ ರಾತ್ರಿಯಿಡೀ ನಡೆಯುತ್ತಿದ್ದವು. ರಾಜರ ಗೊಂಬೆಗಳದು ಬಿಗಿಯಾದ ಗತ್ತು. ಕ್ಯಾತನೋ ಕೆದರಿದ ಕೂದಲು, ಡೊಳ್ಳುಹೊಟ್ಟೆಯವನು, ಕೈಕಾಲುಗಳೆಲ್ಲ ಬಿಡಿಬಿಡಿ. ದೀಪದ ಮುಂದೆ ಅವನು ಕುಣಿದನೆಂದರೆ ಮೈಯೇ ಮಾತಾಡುತ್ತದೆ. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಕತ್ತರಿಸಿದ ನೆರಳುಚಿತ್ರಗಳಿಗೆ ಕೀಲು ಜೋಡಿಸಿ ಪೂರ್ಣಾವಧಿಯ ಅನಿಮೇಷನ್ ಚಿತ್ರ ಮಾಡಿದರು. ಆ ಕೀಲಿನ ಸೊಗಸನ್ನು ತೊಗಲುಗೊಂಬೆಯಾಟ ಆಡಿಸುವ ನಮ್ಮ ಶಿಳ್ಳೇಕ್ಯಾತ ಸಮುದಾಯದ ಕಲಾವಿದರು ಅದಕ್ಕೂ ಬಹಳ ಮೊದಲೇ ಬಲ್ಲವರಾಗಿದ್ದರು.

ಕ್ಯಾತನ ನಿಜವಾದ ಬಲ ಮಾತಿನಲ್ಲಿದೆ. ರಾಮ ರಾವಣರು ಗ್ರಾಂಥಿಕವಾಗಿ ನುಡಿದರೆ ಕ್ಯಾತನದು ಊರ ಭಾಷೆ. ಯುದ್ಧದ ನಡುವೆ ನುಗ್ಗಿ ಹೆಂಡತಿ ಬಂಗಾರಕ್ಕನೊಡನೆ ಜಗಳವಾಡುತ್ತಾನೆ. ಹಾಸಿಗೆಯ ಗುಟ್ಟು, ಸಾಲದ ಗೋಳು, ಯಜಮಾನರ ದರ್ಪ ಎಲ್ಲವನ್ನೂ ಬಯಲಿಗೆಳೆಯುತ್ತಾನೆ. ಸಂಸಾರದ ಭಾರ ಹೊತ್ತವರಿಗೇ ಆ ನಗೆಯ ಚುರುಕು ತಿಳಿಯುವುದು. ಮಳೆ ಬರಲೆಂದು ಬೇಡಿ ಆಡಿಸುತ್ತಿದ್ದ ಇಂಥ ಆಟದಲ್ಲಿ ಪೋಲಿ ಮಾತಿಗೂ ಪೂಜೆಗೂ ಒಂದೇ ಅಂಗಳವಿತ್ತು.

ಎಲ್ಲ ಹಾಸ್ಯವೂ ಒಂದೇ ತೂಕದ್ದಲ್ಲ. ಬಂಗಾರಕ್ಕನ ಮೈಯನ್ನೇ ಹಂಗಿಸಿ ನಗಿಸುವ ಕಡೆ ಆಟ ಸೋಲುತ್ತದೆ. ಅವಳು ತಿರುಗಿ ಬಿದ್ದು ಗಂಡನ ಬಾಯಿ ಮುಚ್ಚಿಸುವ ಕಡೆ ಗೆಲ್ಲುತ್ತದೆ. ಪರದೆಯ ಹಿಂದೆ ಹೆಣ್ಣುಪಾತ್ರಗಳಿಗೆ ದನಿ ಕೊಡುತ್ತಿದ್ದವರು ಮನೆಯ ಹೆಂಗಸರೇ ಆದ್ದರಿಂದ ಆ ಉತ್ತರಕ್ಕೆ ಬದುಕಿನ ಖಾರವಿರುತ್ತಿತ್ತು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಸಂದ ಪದ್ಮಶ್ರೀ ಈ ಕಲೆಯಲ್ಲಿ ಹೆಣ್ಣಿನ ಪಾಲಿಗೆ ಸಂದ ಗೌರವವೂ ಹೌದು.

ಇಂದು ಗೊಂಬೆಯಾಟವನ್ನು ಅರ್ಧ ಗಂಟೆಗೆ ಕತ್ತರಿಸಿ, ನೀತಿಪಾಠಕ್ಕೋ ಯೋಜನೆಗಳ ಪ್ರಚಾರಕ್ಕೋ ಒಗ್ಗಿಸುವಾಗ ಮೊದಲು ಹೊರಬೀಳುವವನು ಕ್ಯಾತ. ಮಕ್ಕಳಿಗೆ ಹಗಲಿನ ಆಟ ಇರಲಿ. ಅದರಿಂದ ಕಲೆಗೆ ಹೊಸ ಕಣ್ಣುಗಳು ಸಿಗುತ್ತವೆ. ಆದರೆ ರಾಮನಗರ, ಕನಕಪುರ, ಮಾಗಡಿಯ ಊರುಗಳಲ್ಲಿ ದೊಡ್ಡವರಿಗೆಂದೇ ರಾತ್ರಿಯ ಆಟವೂ ನಡೆಯಬೇಕು. ಭೂಮಿಯ ಬೆಲೆ, ರೇಷ್ಮೆಗೂಡಿನ ದರ, ಚುನಾವಣೆಯ ಭರವಸೆಗಳ ಬಗ್ಗೆ ಕ್ಯಾತ ಬಾಯಿ ಬಿಡಲಿ, ಬಂಗಾರಕ್ಕ ಅವನಿಗೆ ಸರಿಯಾಗಿ ಉತ್ತರ ಕೊಡಲಿ. ಗೊಂಬೆಯನ್ನು ಉಳಿಸಿ ಅದರ ನಾಲಗೆಯನ್ನು ಕತ್ತರಿಸಿದರೆ ಕಲೆಯನ್ನು ಉಳಿಸಿದಂತಾಗುವುದಿಲ್ಲ.